ನಮ್ಮವರ ಪಾದ ಹಿಡಿದಿದ್ದವಳು

ಇದನ್ನು ಕಟ್ಟುಕಥೆ ಅಂದವರ ಜೊತೆ ನಾನು ಮಾತು ಬಿಟ್ಟಿದ್ದೇನೆ. ನಡೆದದ್ದು ನನಗೇ... ಹೋದ ಚಳಿಗಾಲದಲ್ಲಿ, ಖಾನಾಪುರದ ಕಡೆಯ ಗುಂಜಿ ಊರಿನ ಆಚೆಯ ಕಾಡುದಾರಿಯಲ್ಲಿ.

ನಾನು ನಮ್ಮವರಿಗೆ ಎರಡನೆಯ ಹೆಂಡತಿ. ಮೊದಲನೆಯವಳು ಸುನಂದಾ, ಜ್ವರ ಬಂದು ತೀರಿಕೊಂಡವಳು. ನಮ್ಮ ಮನೆತನದಲ್ಲಿ ಎರಡನೆಯವಳ ಕೊರಳಿಗೆ ತಾಳಿಯ ಜೊತೆ ಸತ್ತವಳ ಹೆಸರಿನದೊಂದು ಬಂಗಾರದ ಬಿಲ್ಲೆಯನ್ನೂ ಕಟ್ಟುತ್ತಾರೆ. ಸತ್ತವಳು ಮುನಿಸಿಕೊಳ್ಳಬಾರದಂತೆ! ವಡಗಾವಿಯ ನಮ್ಮ ನೇಕಾರರ ಓಣಿಯಲ್ಲಿ ಎಲ್ಲರ ಬಾಯಲ್ಲೂ ಅವಳೇ. ಮಗ್ಗಕ್ಕೆ ಕೂತರೂ ಸುನಂದಾ, ರೊಟ್ಟಿ ಬಡಿದರೂ ಸುನಂದಾ. ನಮ್ಮವರು ಮಾತ್ರ ಅವಳ ಹೆಸರೆತ್ತುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಅದೇ. ಹೇಳದೆ ಒಳಗೇ ಇಟ್ಟುಕೊಂಡಿದ್ದಾರೆ ಅನ್ನಿಸುತ್ತಿತ್ತು.

ಅವತ್ತು ಗುಂಜಿ ಕಡೆಯ ಹಳ್ಳಿಯಲ್ಲಿ ನನ್ನ ಅಕ್ಕನ ಮಗಳ ನಿಶ್ಚಯ. ತವರಿನವರ ಮುಂದೆ ಅವಳನ್ನು ಕೊರಳಲ್ಲಿ ಹೊತ್ತು ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಬಿಲ್ಲೆ ಬಿಚ್ಚಿ ಕಪಾಟಿನಲ್ಲಿಟ್ಟು ನಮ್ಮವರ ಬೈಕು ಹತ್ತಿದೆ.

ತಿರುಗಿ ಬರುವಾಗ ಕತ್ತಲಾಗಿತ್ತು. ಹಳ್ಳ ದಾಟುವಾಗ ಬೈಕು ಜಾರಿ ಇಬ್ಬರೂ ನೀರಿಗೆ ಬಿದ್ದೆವು. ಮೊಬೈಲುಗಳೂ ಕೆಟ್ಟವು. ಅವರ ಎಡಗಾಲು ಬೈಕಿನಡಿ ಸಿಕ್ಕು ಬಾತುಕೊಂಡಿತು. ಅವರನ್ನು ಎಳೆದು ತಂದು ದಂಡೆಯ ಮರಕ್ಕೆ ಒರಗಿಸಿದೆ.

"ನೀ ಹೋಗಿ ಯಾರನರ ಕರ್ಕೊಂಡ ಬಾ."

"ಈ ಅಡವ್ಯಾಗ ನಿಮ್ಮನ್ನ ಬಿಟ್ಟ ಎಲ್ಲಿ ಹೋಗ್ಲಿರಿ?"

ಗಾಳಿ ಬೀಸಿತು... ತೊಯ್ದ ಸೀರೆ ಮಂಜುಗಡ್ಡೆಯಂತಾಯಿತು. ಹಲ್ಲು ಕಟಕಟ ಬಡಿದುಕೊಂಡು ನಾಲಿಗೆ ಕಚ್ಚಿದೆ. ಬೆರಳು ಮಡಚಲು ಬಾರದು. ಏನೋ ಹೇಳಲು ಹೋದರೆ ಕುಡಿದವರ ಹಾಗೆ ಮಾತು ತೊದಲುತ್ತಿತ್ತು.

ಆಮೇಲೆ ನಡುಕ ನಿಂತುಬಿಟ್ಟಿತು. ಒಮ್ಮೆಲೇ. ಹಳ್ಳದ ಸದ್ದೊಂದೇ...

ನಮ್ಮವರು ಅಂಗಿಯ ಗುಂಡಿ ಕೀಳತೊಡಗಿದರು. "ಶೆಕಿ... ಭಾಳ ಶೆಕಿ ಆಗಾಕತ್ತೈತಿ."

ನನಗೂ ಶೆಕೆ! ಬಚ್ಚಲೊಲೆಯ ಮುಂದೆ ಕೂತಷ್ಟು ಹಿತ. ಸ್ವೆಟರ್ ಕಿತ್ತೆಸೆದೆ. ಅಂಥ ಸವಿನಿದ್ದೆ ಎಂದೂ ಬಂದಿರಲಿಲ್ಲ.

ಆಗ ಮೂಗಿಗೆ ಬಡಿಯಿತು, ನೂಲಿಗೆ ಹಾಕುವ ಗಂಜಿಯ ವಾಸನೆ. ಆ ಕಾಡಿನಲ್ಲಿ!

ಕಣ್ಣು ತೆರೆದೆ. ನಮ್ಮವರ ಕಾಲ ಬಳಿ ಒಬ್ಬ ಹೆಂಗಸು. ಅವರ ಎರಡೂ ಪಾದಗಳನ್ನು ತನ್ನ ಬರಿಹೊಟ್ಟೆಗೆ ಒತ್ತಿಕೊಂಡು, ಮೇಲೆ ಸೆರಗು ಮುಚ್ಚಿದ್ದಳು. ಮುಖ ಕಾಣಲಿಲ್ಲ.

"ಮಲಗಬ್ಯಾಡ್ರಿ... ಮಾತಾಡ್ರಿ," ಅಂದಳು.

"ಬಂದ್ಯಾ?" ಅಂದರು ನಮ್ಮವರು. ಅಷ್ಟು ಮೆತ್ತಗೆ ನನ್ನನ್ನು ಒಂದು ದಿನವೂ ಮಾತಾಡಿಸಿದವರಲ್ಲ.

ದೆವ್ವ ಕಂಡರೆ ಜನಕ್ಕೆ ಹೆದರಿಕೆಯಾಗುತ್ತದಂತೆ. ನನಗೆ ಹೊಟ್ಟೆಕಿಚ್ಚಾಯಿತು. ಬಿಡು ಅವರನ್ನ, ಅವರು ನನ್ನವರು ಎಂದು ಕೂಗಬೇಕು, ನಾಲಿಗೆ ಹೊರಳದು. ಎದ್ದು ಜುಟ್ಟು ಹಿಡಿಯಬೇಕು, ಕಾಲು ಏಳದು. ಕಣ್ಣು ಮುಚ್ಚಿದರೆ ಕರೆದುಕೊಂಡು ಹೋಗಿಬಿಡುತ್ತಾಳೆಂದು ಬೆಳಕು ಹರಿಯುವವರೆಗೂ ಅವಳನ್ನೇ ದಿಟ್ಟಿಸುತ್ತಿದ್ದೆ.

"ಅರೇ ದೇವಾ! ದೋಘಂಬೀ ಜಿತ್ತೀ ಹಾಯೇತ!" ಇಬ್ಬರೂ ಬದುಕಿದ್ದಾರೆಂದು ಮರಾಠಿಯಲ್ಲಿ ಕೂಗಿದವನು ಹಾಲಿನ ಟೆಂಪೊದವನು. ಅವನೇ ಖಾನಾಪುರದ ದವಾಖಾನೆಗೆ ಮುಟ್ಟಿಸಿದ.

"ಥಂಡಿ ಮಿತಿ ಮೀರಿದ್ರ ಮೈಗೆ ಶೆಕಿ ಅನಸ್ತೈತ್ರಿ," ಅಂದರು ಡಾಕ್ಟರು. "ಮೈಮ್ಯಾಲಿನ ಅರಿವಿ ಕಳದ ಮಲಗಿದವ್ರು ಏಳೂದಿಲ್ಲ. ನೀವು ಇವರನ್ನ ಮಾತಾಡಿಸಿ ಮಲಗಗೊಡಲಿಲ್ಲಂತ, ಚಲೋ ಆತು."

ನಾನೆಲ್ಲಿ ಮಾತಾಡಿಸಿದೆ? ಡಾಕ್ಟರು ಅತ್ತ ಹೋದ ಮೇಲೆ ನಮ್ಮವರನ್ನು ಕೇಳಿದೆ, "ಆಕಿ ಯಾರ್ರಿ?"

"ಯಾವಾಕಿ? ನೀನ ಅಲ್ಲಾ ರಾತ್ರಿಯೆಲ್ಲಾ ನನ್ನ ಪಾದ ಹೊಟ್ಟಿಗೆ ಇಟ್ಕೊಂಡ ಕುಂತಾಕಿ?" ದನಿ ಇಳಿಸಿ ಅಂದರು, "ಥಂಡ್ಯಾಗ ಸುನಂದಾ ಹಂಗ ಮಾಡತಿದ್ಲು. ನಿನಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವಳ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಪಾದ ಹಿಡಿದವಳು ನಾನೇ ಆಗಿದ್ದರೆ, ದೂರ ಕೂತು ಉರಿಯುತ್ತ ನೋಡಿದವಳು ಯಾರು?

ಬಿಲ್ಲೆಯನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡಿದ್ದೇನೆ. ನಮ್ಮವರೂ ಬದಲಾಗಿದ್ದಾರೆ. ದಿನಾ ರಾತ್ರಿ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿ ನಗುತ್ತಾರೆ. ಮದುವೆಯಾದಂದಿನಿಂದ ನಾನು ಕಾದಿದ್ದ ನಗು...

"ಕಣ್ಣ ತೆರೀರಿ. ನನ್ನ ನೋಡ್ರಿ," ಅನ್ನುತ್ತೇನೆ.

"ತಡಿ... ಇನ್ನೊಂಚೂರು ಹಿಂಗ ಇರಲಿ," ಅನ್ನುತ್ತಾರೆ. ಕಣ್ಣು ತೆರೆಯುವುದಿಲ್ಲ.