ಅಪ್ಪನ ಕುರಿಗಳು ಕುಡಿದ ನೀರು

ನಮ್ಮೂರಿನಲ್ಲಿ ಅಪ್ಪನಿಗೆ ‘ಸಿಹಿಸಮುದ್ರ’ ಎಂದು ಅಡ್ಡಹೆಸರು. ಇಟ್ಟವರು ಊರಿನವರಾದರೂ ಅದಕ್ಕೆ ಕಾರಣಳಾದವಳು ನಾನು. ಐದನೇ ತರಗತಿಯ ಪರೀಕ್ಷೆಯಲ್ಲಿ, ಸಮುದ್ರದ ನೀರಿನ ರುಚಿ ಹೇಗಿರುತ್ತದೆ ಎಂದು ಒಂದು ಅಂಕದ ಪ್ರಶ್ನೆ ಬಂದಿತ್ತು. ಪುಸ್ತಕದಲ್ಲಿ ಉಪ್ಪು ಎಂದಿದ್ದದ್ದು ನನಗೆ ಗೊತ್ತಿತ್ತು. ಆದರೆ ಪುಸ್ತಕ ಬರೆದವರು ಸಮುದ್ರ ನೋಡಿದ್ದರೋ ಇಲ್ಲವೋ ಯಾರಿಗೆ ಗೊತ್ತು, ನಮ್ಮಪ್ಪನಂತೂ ನೋಡಿದ್ದ. ‘ಸಿಹಿ. ನಮ್ಮ ಕುರಿಗಳು ಕುಡಿದಿವೆ’ ಎಂದು ಬರೆದುಬಿಟ್ಟೆ. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಮುಂದಿನ ವಾರದ ಹೊತ್ತಿಗೆ ಆ ಉತ್ತರ ಹೊಸದುರ್ಗದ ಸಂತೆಯವರೆಗೂ ಹೋಗಿ ಬಂದಿತ್ತು.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆ. ನಾನು ಹುಟ್ಟುವುದಕ್ಕೆ ಮುಂಚೆ, ಕರಾವಳಿಯ ವ್ಯಾಪಾರಿಯೊಬ್ಬರು ನಮ್ಮ ಕಡೆಯ ಕುರಿಗಳನ್ನು ಲಾರಿ ತುಂಬ ಕೊಂಡಿದ್ದರಂತೆ. ದಾರಿಯಲ್ಲಿ ಕುರಿ ಒಂದರ ಮೇಲೊಂದು ಬಿದ್ದು ಸಾಯದಂತೆ ನೋಡಿಕೊಳ್ಳಲು ಜತೆಗೆ ಹೋದವನು ಅಪ್ಪ. ಬೆಳಗಾಗುವಾಗ ಲಾರಿ ಮಂಗಳೂರಿನ ಹಳೇ ಬಂದರಿನ ಹತ್ತಿರ ನಿಂತಿತು. ಆಷಾಢದ ಮಳೆ. ಮುಂದೆ ಕಣ್ಣಿಗೆ ಎಟುಕದಷ್ಟು ನೀರು, ನೀರಿನ ತುಂಬ ದೊಡ್ಡ ದೊಡ್ಡ ದೋಣಿ. ಅಪ್ಪ ಟಗರನ್ನು ದಡದ ಕಲ್ಲಿಗೆ ಕಟ್ಟಿದ. ಬಾಯಾರಿದ್ದ ಕುರಿಗಳು ಹೋಗಿ ಆ ನೀರನ್ನು ಹೊಟ್ಟೆ ತುಂಬ ಕುಡಿದವು. ಒಂದು ಗಂಟೆಯಲ್ಲಿ ಲಾರಿ ಅಪ್ಪನನ್ನು ಹತ್ತಿಸಿಕೊಂಡು ವಾಪಸು ಹೊರಟಿತು. ಅಪ್ಪನ ಬಾಯಲ್ಲಿ ನೂರು ಸಲ ಕೇಳಿದ ಕಥೆ ಇದು, ಒಂದು ಸಲವೂ ಒಂದು ಮಾತು ಹೆಚ್ಚುಕಮ್ಮಿಯಾಗಿರಲಿಲ್ಲ.

ಊರವರು ಹಿರಿಯೂರು ಹತ್ತಿರದ ಮಾರಿಕಣಿವೆ ಡ್ಯಾಮನ್ನೇ ನೋಡಿ ಬಂದು ಸಮುದ್ರ ಎನ್ನುತ್ತಿದ್ದಾನೆ ಎಂದು ರೇಗಿಸಿದರು. ಅಪ್ಪ ಅದನ್ನೆಲ್ಲ ನಕ್ಕು ತಳ್ಳಿಹಾಕಿದ್ದ. ಅವನಿಂದ ತಳ್ಳಿಹಾಕಲು ಆಗದೇ ಹೋದದ್ದು ಇನ್ನೊಂದು. ನಮ್ಮಲ್ಲಿ ಎರಡು ಮಂದೆ ಬೆರೆತು, ಈ ಕುರಿ ನಿನ್ನದೋ ನನ್ನದೋ ಎಂದು ಜಗಳ ಬಂದರೆ ಮೊದಲು ಅಪ್ಪನನ್ನು ಕರೆಯುತ್ತಿದ್ದರು. ಕಿವಿಯ ಗುರುತು ಅಳಿಸಿದ್ದರೂ ಮೂತಿ ನೋಡಿಯೇ ಅದರ ತಾಯಿ ಯಾವುದು ಎಂದು ಹೇಳುತ್ತಿದ್ದ, ಅವನು ಹೇಳಿದರೆ ಮುಗಿಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಅಂಥ ಒಂದು ಪಂಚಾಯ್ತಿಯಲ್ಲಿ ಸೋತವನೊಬ್ಬ ಎದ್ದು ನಿಂತು, ಸಮುದ್ರ ಸಿಹಿ ಅಂದವನ ಮಾತು ನಂಬಿ ನಾನು ಕುರಿ ಬಿಟ್ಟುಕೊಡಬೇಕಾ ಎಂದು ಕೇಳಿದ. ಜನ ನಕ್ಕರು. ಅಪ್ಪ ಟವೆಲ್ಲು ಕೊಡವಿಕೊಂಡು ಮನೆಗೆ ಬಂದ. ಅವತ್ತಿನಿಂದ ಯಾರು ಕರೆದರೂ ಹೋಗಲಿಲ್ಲ, ಆಮೇಲೆ ಕರೆಯುವುದೂ ನಿಂತಿತು. ಆ ಸಂಜೆ ನಾನೂ ಸುಮ್ಮನಿರದೆ, ಯಾಕಪ್ಪ ಇಲ್ಲದ ಸುಳ್ಳು ಹೇಳಿ ಮರ್ಯಾದೆ ಕಳೆದುಕೊಳ್ಳುತ್ತೀಯ ಎಂದಿದ್ದೆ. ಅವನು ನನ್ನ ಮುಖ ನೋಡಿ, ಎದ್ದು ಕುರಿದೊಡ್ಡಿಯ ಕಡೆ ಹೋದ.

ಈಗ ನನಗೆ ಐವತ್ತು ದಾಟಿದೆ. ಕೆಲಸ ತಾಲ್ಲೂಕು ಕಚೇರಿಯ ಭೂದಾಖಲೆ ವಿಭಾಗದಲ್ಲಿ. ಯಾರು ಏನೇ ಹೇಳಲಿ, ಸ್ಥಳಕ್ಕೆ ಹೋಗಿ ನೋಡಿದಿರಾ, ಸಾಕ್ಷಿ ಯಾರು ಎಂದು ಕೇಳುವುದು ನನ್ನ ಹುಟ್ಟುಗುಣವೋ ಕಚೇರಿಯ ಗುಣವೋ ಗೊತ್ತಿಲ್ಲ. ಹೋದ ವರ್ಷ ಸಂಕ್ರಾಂತಿಯ ನಂತರ ಮಂಗಳೂರಿನಲ್ಲಿ ಎರಡು ದಿನದ ತರಬೇತಿ ಬಂತು. ಮಾಮೂಲಾಗಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಹೂಂ ಎಂದೆ. ಊರೂರಿನವರ ಹೊಲಕ್ಕೆ ಹೋಗಿ ಮಹಜರು ಮಾಡುವ ನಾನು ನಮ್ಮ ಮನೆಯ ಸಮುದ್ರದ ಬಗ್ಗೆ ಒಂದು ದಿನವೂ ಮಹಜರು ಮಾಡಿರಲಿಲ್ಲವಲ್ಲ. ಅಪ್ಪನನ್ನು ಬರುತ್ತೀಯಾ ಎಂದು ಕೇಳಿದೆ. ಎಂಬತ್ತರ ಹತ್ತಿರದ ಮನುಷ್ಯ, ಒಗೆದ ಪಂಚೆ ಉಟ್ಟು ನನಗಿಂತ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ.

ತರಬೇತಿ ಮುಗಿದ ಮರುದಿನ ಬೆಳಿಗ್ಗೆ ಏಳಕ್ಕೆ ಒಂದು ಕಾರು ಗೊತ್ತುಮಾಡಿದೆ. ಅರ್ಧ ದಿನದ ಊರು ನೋಡುವ ಪ್ರವಾಸ, ನಾವಿಬ್ಬರೇ, ಓಡಿಸುವವರೇ ಗೈಡು. ಒಂದು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬಿಡಬೇಕು. ಗೈಡು ಇಸ್ತ್ರಿ ಅಂಗಿಯ, ಅಚ್ಚುಕಟ್ಟು ಕನ್ನಡದ ಮನುಷ್ಯ. ಕಾರು ಹತ್ತುವ ಮೊದಲೇ ಎಲ್ಲಿ ಎಷ್ಟು ನಿಮಿಷ ಎಂದು ಪಟ್ಟಿ ಒಪ್ಪಿಸಿದರು. ಅದರಲ್ಲಿ ಹಳೇ ಬಂದರು ಇರಲಿಲ್ಲ. ಅಲ್ಲಿ ನೋಡಲಿಕ್ಕೆ ಎಂಥ ಉಂಟು, ಮೀನಿನ ವಾಸನೆ ಎಂದರು. ನಾನು ಪಟ್ಟಿಗೆ ಅದನ್ನು ಸೇರಿಸಲು ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಅಪ್ಪನ ಕುತೂಹಲ ಗೈಡಿನ ಪಟ್ಟಿಗೆ ಹೊಂದುತ್ತಿರಲಿಲ್ಲ. ಗೋಡೆ, ಚಾವಣಿಯ ತುಂಬ ಚಿತ್ರ ಬರೆದಿದ್ದ ಹಳೇ ಚರ್ಚಿನಲ್ಲಿ ಅವರು ಚಿತ್ರಕಾರನ ವಿಷಯ ಹೇಳುತ್ತಿದ್ದರೆ, ಇವನು ಚಿತ್ರದೊಳಗಿನ ಕುರಿಗಳನ್ನು ಹುಡುಕಿ, ಇವು ಯಾವ ಜಾತಿಯವು, ಉಣ್ಣೆ ಇಷ್ಟು ಗುಂಗುರು ಹೇಗಾಯಿತು ಎಂದು ಕೇಳಿದ. ಗೈಡು ತಲೆ ಕೆರೆದುಕೊಂಡರು. ಗುಡ್ಡದ ಮೇಲಿನ ದೇವಸ್ಥಾನದಲ್ಲಿ ಬಂಡೆಯಿಂದ ಹರಿದು ಬರುವ ನೀರಿನ ಮುಂದೆ ಕೂತವನು ಏಳಲೇ ಇಲ್ಲ. ಬೇಸಿಗೆಯಲ್ಲೂ ಬತ್ತುವುದಿಲ್ಲವಾ ಎಂದು ಮೂರು ಸಲ ಕೇಳಿ, ಮೂರು ಸಲವೂ ನಂಬದೆ ತಲೆಯಾಡಿಸಿದ. ಕೆಂಪು ಮುರಕಲ್ಲಿನ ಗೋಡೆಯನ್ನು ಉಗುರಿನಿಂದ ಗೀರಿ ನೋಡಿದ. ಇನ್ನು ಹೊಳೆಯ ಪಕ್ಕದ ಕಾವಲು ಬುರುಜನ್ನು ಗೈಡು ಎದೆಯುಬ್ಬಿಸಿ ತೋರಿಸಿ, ಇದು ನಮ್ಮ ಕೋಟೆ ಎಂದಾಗ ಅಪ್ಪ ಅದರ ಸುತ್ತ ಒಂದು ಸಲ ನಡೆದು ಬಂದ. ಎರಡು ನಿಮಿಷವೂ ಹಿಡಿಯಲಿಲ್ಲ.

“ಉಳಿದಿದ್ದು ಎಲ್ಲೈತ್ರಿ?” ಎಂದು ಕೇಳಿದ.

ಏಳು ಸುತ್ತಿನ ಕೋಟೆ ಕಂಡ ಚಿತ್ರದುರ್ಗದ ಕಡೆಯವರು ನಾವು ಎಂದು ನಾನೇ ಗೈಡಿಗೆ ಸಮಾಧಾನ ಹೇಳಬೇಕಾಯಿತು. ಅವರು ನಕ್ಕರು, ಆದರೆ ಸ್ವಲ್ಪ ಮುಖ ಸಣ್ಣದಾಗಿತ್ತು.

ಹಳೇ ಬಂದರಿಗೆ ಹೋದಾಗ ಹನ್ನೊಂದು ಗಂಟೆ. ಹಂಚಿನ ಗೋದಾಮುಗಳು, ಹಗ್ಗ, ಒಣಮೀನು, ಲಾರಿಗಳು. ಅಪ್ಪ ಕಾರಿನಿಂದ ಇಳಿದವನೇ ಮಾತು ನಿಲ್ಲಿಸಿದ. ಸಾಲಿನಲ್ಲಿದ್ದ ಗೋದಾಮುಗಳನ್ನು ದಾಟಿ, ಯಾರನ್ನೂ ಕೇಳದೆ ಎಡಕ್ಕೆ ತಿರುಗಿ, ನೀರಿಗೆ ಇಳಿಯುವ ಕಲ್ಲಿನ ಇಳಿಜಾರಿನ ಹತ್ತಿರ ನಿಂತ. ಅಲ್ಲಿ ದೋಣಿ ಕಟ್ಟುವ ಒಂದು ಗಿಡ್ಡ ಕಲ್ಲುಕಂಬವಿತ್ತು. ಹಗ್ಗ ಉಜ್ಜಿ ಉಜ್ಜಿ ನಡುವೆ ಸವೆದಿತ್ತು. ಅಪ್ಪ ಅದರ ಮೇಲೆ ಕೈಯಿಟ್ಟ.

“ಇದೇ ಕಲ್ಲಿಗೆ ಟಗರು ಕಟ್ಟಿದ್ದೆ ಕಣವ್ವ. ಕುರಿ ಇಲ್ಲಿಂದ ಇಳಿದ್ವು.”

ಅಂದರೆ ಅವನು ಇಲ್ಲಿಗೆ ಬಂದಿದ್ದ. ಮಾರಿಕಣಿವೆ ಅಲ್ಲ, ಕಟ್ಟುಕಥೆ ಅಲ್ಲ. ಅಪ್ಪ ಪಂಚೆ ಎತ್ತಿಕಟ್ಟಿ ನಿಧಾನವಾಗಿ ಇಳಿದು, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡ. ತಕ್ಷಣ ಉಗಿದ. ಮತ್ತೆ ತೆಗೆದು ನೋಡಿದ, ಮತ್ತೆ ಉಗಿದ. ಮೇಲೆ ಬಂದು ಕಲ್ಲಿನ ಪಕ್ಕ ಕೂತ.

“ಉಪ್ಪೈತೆ,” ಎಂದ.

ಉಪ್ಪಲ್ಲದೆ ಮತ್ತೇನು ಎಂದು ಗೈಡು ಗಾಬರಿಯಿಂದ ನೀರಿನ ಬಾಟಲಿ ಕೊಟ್ಟರು. ಆಗ ನಾನು ಅವರಿಗೆ ಎಲ್ಲ ಹೇಳಿದೆ, ನನ್ನ ಪರೀಕ್ಷೆಯ ಉತ್ತರದ ಸಮೇತ. ಅವರು ಬಹಳ ಮೆತ್ತಗೆ, ಅಜ್ಜನಿಗೆ ಎಲ್ಲೋ ನೆನಪು ತಪ್ಪಿರಬೇಕು, ಈ ನೀರು ಯಾವತ್ತೂ ಕುಡಿಯಲಿಕ್ಕೆ ಆಗುವಂಥದ್ದಲ್ಲ ಎಂದರು. ಅಪ್ಪ ತಲೆ ತಗ್ಗಿಸಿಕೊಂಡಿದ್ದ. ಪಂಚಾಯ್ತಿಯಿಂದ ಎದ್ದು ಬಂದ ದಿನದ ಮುಖವೇ ಅದು. ನನಗೆ ಗೈಡಿನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಬಂತು. ಸುಮ್ಮನಿದ್ದ ಮುದುಕನನ್ನು ಇಷ್ಟು ದೂರ ಕರೆತಂದು ಇನ್ನೊಂದು ಸಲ ಸೋಲಿಸಿದ್ದೆ.

ಆದರೆ ಬರೀ ಒಂದು ಕಡೆಯ ಹೇಳಿಕೆಗೆ ನಾನು ಕಡತ ಮುಚ್ಚುವವಳಲ್ಲ. ಇಲ್ಲಿ ಎಲ್ಲಕ್ಕಿಂತ ಹಳಬರು ಯಾರು ಎಂದು ಗೈಡನ್ನು ಕೇಳಿದೆ. ಹತ್ತಿರದಲ್ಲೇ ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ ನಿಂತಿತ್ತು. ಅದರ ಮುದುಕ ದೋಣಿಯವರು ಅಪ್ಪನ ವಯಸ್ಸಿನವರೇ, ಹುಟ್ಟಿದಾಗಿನಿಂದ ಈ ದಡದವರಂತೆ. ನಾನು ಕಚೇರಿಯ ಧಾಟಿಯಲ್ಲಿ ಶುರುಮಾಡಿದೆ. ನೀರು ಯಾವಾಗಲೂ ಉಪ್ಪೇ? ಮಳೆಗಾಲದಲ್ಲಿ? ಜೋರು ಮಳೆ ಇದ್ದಾಗ? ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಬಾಯೊಳಗಿನ ಎಲೆಯಡಿಕೆಯನ್ನು ಪಕ್ಕಕ್ಕೆ ಸರಿಸಿದರು.

“ಆಷಾಢದಲ್ಲಿ ಬಂದು ನೋಡಿ. ಇಲ್ಲಿ ಕೂಡುವ ಎರಡು ಹೊಳೆಯೂ ತುಂಬಿ ಬರ್ತದೆ, ನೀರು ಕೆಂಪಾಗ್ತದೆ, ಸಿಹಿ ಇರ್ತದೆ. ನಾವು ಪಾತ್ರೆ ತೊಳೆಯುವುದು, ಬಾಯಿ ತೊಳೆಯುವುದು ಇದರಲ್ಲೇ. ಮಳೆ ಬಿಟ್ಟ ಮೇಲೆ ಸಮುದ್ರ ಒಳಗೆ ಬರ್ತದೆ, ಆಗ ಉಪ್ಪು.”

ಇಷ್ಟು ವರ್ಷ ಊರು ತೋರಿಸಿದರೂ ಇದು ನನಗೆ ಗೊತ್ತಿರಲಿಲ್ಲ ಎಂದು ಗೈಡು ಒಪ್ಪಿಕೊಂಡರು. ನಾನು ಅಪ್ಪನ ಹತ್ತಿರ ಓಡಿದೆ. ಕುಣಿಯುವುದೊಂದು ಬಾಕಿ. ನೀನು ಹೇಳಿದ್ದು ನಿಜ ಅಪ್ಪ, ಕೇಳಿದೆಯಾ, ನಿನ್ನ ಕುರಿ ಕುಡಿದಿದ್ದವು ಎಂದೆ. ಅಪ್ಪ ಕೇಳಿಸಿಕೊಂಡಿದ್ದ. ಆದರೆ ಅವನು ಹಿಡಿದದ್ದು ಬೇರೆ ಮಾತನ್ನು. ದೋಣಿಯವರ ಕಡೆ ತಿರುಗಿ, ಸಮುದ್ರ ಒಳಗೆ ಬರುತ್ತದೆ ಎಂದರೆ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಅವರು ಆಚೆ ದಡ ತೋರಿಸಿದರು. ತೆಂಗಿನ ಮರಗಳು, ಮನೆಗಳು. ಅದು ಮರಳಿನ ದಿಣ್ಣೆ, ಇದು ಹೊಳೆ, ಸಮುದ್ರ ಅದರ ಬೆನ್ನಿಗೆ ಉಂಟು ಎಂದರು.

ಅಪ್ಪ ಕಲ್ಲು ಹಿಡಿದು ಎದ್ದು, ಹಣೆಗೆ ಕೈ ಅಡ್ಡವಿಟ್ಟು ಆ ದಿಣ್ಣೆಯನ್ನು ನೋಡಿದ. ಅವತ್ತಿನ ಮಳೆಯಲ್ಲಿ ಅದು ಅವನಿಗೆ ಕಂಡಿರಲಿಲ್ಲ.

“ಹಂಗಾರೆ ನಾನು ಸಮುದ್ರ ನೋಡೇ ಇಲ್ಲ.”

ಅದೇನು ದೊಡ್ಡ ವ್ಯತ್ಯಾಸ, ನೀರು ಸಿಹಿ ಇತ್ತಲ್ಲ, ಊರವರ ಬಾಯಿ ಮುಚ್ಚಿಸಲು ಅಷ್ಟು ಸಾಕು ಎಂದೆ. ಅವನು ಒಪ್ಪಲಿಲ್ಲ.

“ಕುರಿ ಕುಡ್ದಿದ್ದು ದಿಟ. ಸಮುದ್ರ ಅಂದಿದ್ದು ತಪ್ಪು. ಎಲ್ಡೂ ಹೇಳ್ಬೇಕು. ನಡಿ, ಆಕಡಿಗೆ ಹೋಗಾಣ.”

ಗೈಡು ಗಡಿಯಾರ ನೋಡಿಕೊಂಡು, ಪಟ್ಟಿಯಲ್ಲಿ ಇನ್ನೂ ಬಾಕಿಯಿದ್ದ ಐಸ್‌ಕ್ರೀಮ್ ಅಂಗಡಿಯನ್ನು ತಾವೇ ಹೊಡೆದುಹಾಕಿ ನಮ್ಮ ಜತೆ ದೋಣಿ ಹತ್ತಿದರು. ಆಚೆ ದಡದಲ್ಲಿ ಇಳಿದು ಮನೆಗಳ ನಡುವಿನ ಮರಳುದಾರಿಯಲ್ಲಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಅಪ್ಪ ನಿಂತ. ಏನದು ಸದ್ದು ಎಂದ. ಅಲೆಯ ಸದ್ದು ಎಂದೆವು. ಅವತ್ತು ಸದ್ದು ಇರಲಿಲ್ಲ, ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಅವನ ಕಥೆಯಲ್ಲಿ ದೋಣಿಯಿತ್ತು, ಮಳೆಯಿತ್ತು, ಟಗರಿತ್ತು, ಅಲೆ ಒಂದು ಸಲವೂ ಬಂದಿರಲಿಲ್ಲ. ನೂರು ಸಲ ಕೇಳಿದ ನನಗೂ ಅದು ಹೊಳೆದಿರಲಿಲ್ಲ, ಪ್ರಶ್ನೆ ಕೇಳುವುದೇ ನನ್ನ ಕೆಲಸವೆಂದು ಬೀಗುತ್ತೇನೆ ಬೇರೆ.

ಸಮುದ್ರದ ಮುಂದೆ ನಿಂತಾಗ ಅಪ್ಪ ಏನಾದರೂ ಹೇಳುತ್ತಾನೆಂದು ಕಾದೆ. ಅವನು ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು, ಮೊಣಕಾಲುದ್ದ ಇಳಿದ. ಅಲೆ ಕಾಲಡಿಯ ಮರಳು ಎಳೆದುಕೊಂಡು ಹೋದಾಗ ಹೆದರಿ ನಕ್ಕ. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ತಾಗಿಸಿದ. ಆಚೆ ಕಡೆಗಿಂತ ಜಾಸ್ತಿ ಉಪ್ಪು ಎಂದ. ಇಷ್ಟು ನೀರು ಇಟ್ಟುಕೊಂಡು ಒಂದು ಕುರಿಗೂ ಕುಡಿಯಲು ಕೊಡದಂತೆ ಮಾಡಿದ್ದು ಯಾಕಿರಬಹುದು ಎಂದು ಗೈಡನ್ನು ಕೇಳಿದ.

ಬಸ್ಸು ಘಟ್ಟ ಹತ್ತುವಾಗ ಅವನು ನಿದ್ದೆ ಮಾಡಿದ್ದಾನೆಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ, ಆ ಪರೀಕ್ಷೆಯಲ್ಲಿ ಸಮುದ್ರದ ಪ್ರಶ್ನೆಗೆ ಎಷ್ಟು ನಂಬರು ಇತ್ತು ಎಂದು ಕೇಳಿದ. ಒಂದು ಎಂದೆ.

“ಮೇಷ್ಟ್ರು ಅದನ್ನ ಕೊಡ್ದೆ ಇದ್ದಿದ್ದು ಸರಿ ಬಿಡು. ತಪ್ಪು ನಾನು ಹೇಳ್ಕೊಟ್ಟಿದ್ದು.”

ಹೈಸ್ಕೂಲಿನ ಆ ಸಂಜೆ ನಾನು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ದೋಣಿಯವರ ಮಾತು ಕೇಳಿದಾಗಿನಿಂದ ಕಾದಿದ್ದೆ. ಕೇಳಿದೆ. ನೀನು ಸುಳ್ಳುಗಾರ ಅಂದಿದ್ದೆ ಅಪ್ಪ, ನೀನಲ್ಲ ಎಂದೆ. ಅವನು ಹೂಂ ಎಂದು ಶಾಲು ಎಳೆದುಕೊಂಡ. ನನಗೆ ಅಷ್ಟು ಸಾಲದು ಅನ್ನಿಸಿತು.

ಇದಾಗಿ ಒಂದು ತಿಂಗಳಿಗೆ, ಧರ್ಮಪುರದ ಕಡೆ ಶೇಂಗಾ ಹೊಲಗಳಲ್ಲಿ ಮೇಯಿಸಲು ಹೋಗಿದ್ದ ನಮ್ಮೂರಿನ ಎರಡು ಮಂದೆ ದಾರಿಯಲ್ಲಿ ಬೆರೆತವು. ಒಂದು ಕುರಿಗಾಗಿ ಜಗಳ ಕಟ್ಟೆಗೆ ಬಂತು. ಭಾನುವಾರವಾದ್ದರಿಂದ ನಾನು ಊರಲ್ಲಿದ್ದೆ. ಕುರಿ ನನ್ನದೆಂದು ಹಗ್ಗ ಹಿಡಿದು ನಿಂತವನು, ಅಂದು ಪಂಚಾಯ್ತಿಯಲ್ಲಿ ಎದ್ದು ನಿಂತು ಅಪ್ಪನನ್ನು ನಗೆಪಾಟಲು ಮಾಡಿದ್ದ ಅದೇ ಮನುಷ್ಯ, ಈಗ ಅವನಿಗೂ ತಲೆ ನೆರೆತಿದೆ. ಕುರಿ ತಮ್ಮದೆನ್ನುತ್ತಿದ್ದ ಇನ್ನೊಂದು ಕಡೆಯವರು ಅವನ ಎದುರು ಮನೆಯವರು. ಯಾರೂ ಕರೆಯದಿದ್ದರೂ ಅಪ್ಪ ಎದ್ದು ಹೋದ. ನಾನು ಹಿಂದೆಯೇ ಹೋದೆ.

ಅಪ್ಪ ಕುರಿಯನ್ನು ನೋಡುವ ಮೊದಲು ಜನರನ್ನು ನೋಡಿದ. ಮೊದಲು ಒಂದು ಮಾತು ಹೇಳುವುದಿದೆ ಎಂದ. ನಾನು ನೋಡಿದ್ದು ಸಮುದ್ರ ಅಲ್ಲ, ಹೊಳೆ. ನಮ್ಮ ಕುರಿ ಕುಡಿದದ್ದು ಮಳೆಯ ನೀರು. ಸಮುದ್ರ ಈಗ ನೋಡಿ ಬಂದೆ, ಅದು ಉಪ್ಪು. ಇಷ್ಟು ವರ್ಷ ತಪ್ಪು ಹೇಳಿದೆ ಎಂದ. ಯಾರೋ ಕಿಸಕ್ಕೆಂದರು, ಪಕ್ಕದವರು ಸುಮ್ಮನಿರಲೇ ಎಂದರು. ಆಮೇಲೆ ಅಪ್ಪ ಬಗ್ಗಿ, ಕುರಿಯ ಗದ್ದ ಎತ್ತಿ, ಎರಡೂ ಕಡೆ ತಿರುಗಿಸಿ ಮೂತಿ ನೋಡಿ, ಇದು ಎದುರು ಮನೆಯವರದು, ಇದರ ಅಜ್ಜಿಯ ಮೂತಿಯೂ ಹೀಗೇ ಇತ್ತು ಎಂದು ಹೇಳಿದ.

ಹಗ್ಗ ಹಿಡಿದಿದ್ದವನು ಕೈಗೆ ಸುತ್ತಿಕೊಂಡಿದ್ದ ಹಗ್ಗವನ್ನು ಬಿಚ್ಚಿದ. ಆಮೇಲೆ ಅದನ್ನು ಎದುರು ಮನೆಯವರ ಕೈಗೆ ಕೊಟ್ಟ.