ಅಜ್ಜಿ ಮೆಚ್ಚಿದ ಕಪ್ಪು ಗೊಜ್ಜು

ನಾವು ಮಲೇಷ್ಯಾದ ಕ್ಲಾಂಗ್‌ನಲ್ಲಿದ್ದ ಆ ವರ್ಷಗಳಲ್ಲಿ ಭಾನುವಾರ ಎಂದರೆ ಸಮುದ್ರ; ಬೇರೆ ಯೋಚನೆಯೇ ಇರಲಿಲ್ಲ. ಅಪ್ಪನಿಗೆ ಬಂದರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸ. ವಾರವೆಲ್ಲ ನೀರಿನ ಪಕ್ಕದಲ್ಲೇ ಕೂತಿದ್ದರೂ ಸಮುದ್ರ ನೋಡಲು ಪುರುಸೊತ್ತಿಲ್ಲ ಎಂದು ಅವರೇ ನಗುತ್ತಿದ್ದರು. ಹಾಗಾಗಿ ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ನಾನು ನಮ್ಮ ಹಳೆಯ ಕೆಂಪು ಕಾರಿನಲ್ಲಿ ಮೋರಿಬ್ ತೀರಕ್ಕೆ ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ತಾಳೆ ಎಣ್ಣೆಯ ತೋಟಗಳು, ಕಿಟಕಿ ಇಳಿಸಿದರೆ ಒದ್ದೆ ಮಣ್ಣಿನ ವಾಸನೆ. ಅದು ಹೋಗಿ ಉಪ್ಪುಗಾಳಿ ಮುಖಕ್ಕೆ ತಾಗಿದರೆ ತೀರ ಬಂತು ಎಂದು ಅರ್ಥ.

ಅಲ್ಲಿ ಸರ್ವೆ ಮರಗಳ ಕೆಳಗೆ ತಿಂಡಿಯ ಅಂಗಡಿಗಳ ಸಾಲಿತ್ತು. ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಪಿಸಾಂಗ್ ಗೊರೆಂಗ್, ಬೆಣ್ಣೆ ಸವರಿದ ಬಿಸಿ ಜೋಳ, ಕಬ್ಬಿನ ಹಾಲು, ಎಳನೀರು, ತುರಿದ ಮಂಜುಗಡ್ಡೆಯ ಮೇಲೆ ತೆಂಗಿನ ಹಾಲೂ ಬೆಲ್ಲದ ಪಾಕವೂ ಸುರಿದ ಚೆಂಡೋಲ್. ಕೊನೆಯ ಅಂಗಡಿಗಳಲ್ಲಿ ಬಾಳೆ ಎಲೆಯ ಮೇಲೆ ಮೀನು ಸುಡುತ್ತಿದ್ದರು. ಆ ಹೊಗೆ ಇತ್ತ ತಿರುಗಿದರೆ ಅಮ್ಮ ಸೆರಗನ್ನು ಮೂಗಿಗೆ ಹಿಡಿದು ಜಾಗ ಬದಲಿಸುತ್ತಿದ್ದಳು. ಬೆರಳಿಗೆ ಅಂಟಿದ ಮರಳಿನ ಜೊತೆ ತಿಂದ ಆ ಬಾಳೆಹಣ್ಣಿನ ರುಚಿ ಮನೆಯ ಬಾಣಲೆಯಲ್ಲಿ ಎಂದೂ ಬರಲಿಲ್ಲ. ನೀರಿನ ದಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಹತ್ತು ವರ್ಷವಾದಾಗ ಅಪ್ಪನ ತಾಯಿ, ನಮ್ಮಜ್ಜಿ, ಮೈಸೂರಿನಿಂದ ನಾಲ್ಕು ತಿಂಗಳಿಗೆಂದು ಬಂದರು. ಬಂದ ವಾರವೇ ನಮ್ಮ ಭಾನುವಾರಗಳ ಚಹರೆ ಬದಲಾಯಿತು. ಅಜ್ಜಿ ಹೊರಗೆ ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಅವರು ಬರಿಗೈಯಲ್ಲಿ ಕೂತಿರುವಾಗ ನಾವು ತಿನ್ನುವುದು ಚೆನ್ನಾಗಿರುವುದಿಲ್ಲ, ಅವರಿರುವಷ್ಟು ದಿನ ಯಾರಿಗೂ ಹೊರಗಿನ ತಿಂಡಿ ಬೇಡ ಎಂದು ಅಪ್ಪ ತೀರ್ಮಾನಿಸಿದರು. ಐದು ಅಂತಸ್ತಿನ ಕ್ಯಾರಿಯರ್‌ನಲ್ಲಿ ಪುಳಿಯೋಗರೆ, ಮೊಸರನ್ನ ಬಂತು. ನಾವು ಜಮಖಾನ ಹಾಸಿ ಊಟಕ್ಕೆ ಕೂತರೆ ನನ್ನ ತರಗತಿಯ ಹುಡುಗಿಯರು ಜೋಳ ಕಚ್ಚುತ್ತಾ ನಮ್ಮನ್ನೇ ನೋಡಿಕೊಂಡು ಹೋಗುತ್ತಿದ್ದರು. ಎರಡು ಭಾನುವಾರ ಹೀಗೆ ಕಳೆಯುವಷ್ಟರಲ್ಲಿ ನನಗೆ ಅಜ್ಜಿಯ ಮೇಲೆ ಸಣ್ಣಗೆ ಕೋಪ ಬಂದಿತ್ತು.

ಮೂರನೆಯ ಭಾನುವಾರ ಅಜ್ಜಿ ತಾವಾಗಿಯೇ ಒಂದು ಅಂಗಡಿಯ ಮುಂದೆ ನಿಂತರು. ಅಲ್ಲಿ ಒಲೆ ಇರಲಿಲ್ಲ. ಹಲಗೆಯ ಮೇಲೆ ಅನಾನಸ್, ಸೌತೆಕಾಯಿ, ಸೀಬೆ, ಮಾವಿನಕಾಯಿ. ಪಕ್ಕದಲ್ಲಿ ಒಂದು ಕಲ್ಲಿನ ಒರಳು. ನೀಲಿ ತಲೆವಸ್ತ್ರದ ಹೆಂಗಸೊಬ್ಬರು ಸೌತೆಕಾಯಿಯ ತುದಿ ಕತ್ತರಿಸಿ, ಆ ತುಂಡನ್ನು ಕಾಯಿಗೆ ತಿಕ್ಕಿ ತಿಕ್ಕಿ ನೊರೆ ತೆಗೆಯುತ್ತಿದ್ದರು, ಕಹಿ ಹೋಗಲಿ ಎಂದು. ನಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುವ ಕೆಲಸ ಅದು. ಅಜ್ಜಿ ಬೆರಳು ಸುತ್ತಿಸಿ ತಾವೂ ಹಾಗೇ ಮಾಡುವುದನ್ನು ತೋರಿಸಿದರು. ಇಬ್ಬರೂ ನಕ್ಕರು. ಹಣ್ಣು, ಕಾಯಿ ಹೆಚ್ಚಿಕೊಟ್ಟರೆ ತಿನ್ನಲು ಅಜ್ಜಿಗೆ ಅಡ್ಡಿಯಿರಲಿಲ್ಲ. ಬೆಂಕಿ ಮುಟ್ಟಿಲ್ಲವಲ್ಲ.

ಆ ತಿಂಡಿಗೆ ರೊಜಾಕ್ ಎಂದು ಹೆಸರು. ಹೆಚ್ಚಿದ ಹಣ್ಣಿಗೆ ಒರಳಿನಲ್ಲಿ ಅರೆದ ಕಪ್ಪು ಗೊಜ್ಜು ಕಲಸಿ, ಮೇಲೆ ಕಡಲೆಕಾಯಿ ಪುಡಿ ಉದುರಿಸಿ ಕೊಡುತ್ತಾರೆ. ಗೊಜ್ಜು ಯಾತರದ್ದು ಕೇಳು ಎಂದು ಅಜ್ಜಿ ನನಗೆ ಹೇಳಿದರು. ನಾನು ಮಲಯ ಶಾಲೆಯಲ್ಲಿ ಓದುತ್ತಿದ್ದವಳು. ಮನೆಯಲ್ಲಿ ಆ ಭಾಷೆ ನೆಟ್ಟಗೆ ಬರುತ್ತಿದ್ದುದು ನನಗೊಬ್ಬಳಿಗೇ. ಅಪ್ಪನಿಗೆ ಬಂದರಿನ ನಾಲ್ಕು ಮಾತು ಬಿಟ್ಟರೆ ಇಲ್ಲ.

ನಾನು ಕೇಳುವ ಮೊದಲೇ ಅಂಗಡಿಯ ಮಾಚಿಕ್ ಅಜ್ಜಿಯ ಹಣೆಯ ವಿಭೂತಿ ನೋಡಿ ಕೈ ತಡೆದರು. ಮಾಚಿಕ್ ಎಂದರೆ ನಾವು ಚಿಕ್ಕಮ್ಮ ಎಂದು ಕರೆದ ಹಾಗೆ. ಇದರಲ್ಲಿ ಹುಳಿಸಿ ಅರೆದ ಸಿಗಡಿ ಸೇರಿದೆ, ನಿನ್ನ ಅಜ್ಜಿ ತಿನ್ನುತ್ತಾರಾ ಎಂದು ನನ್ನನ್ನು ಕೇಳಿದರು. ತಿನ್ನದಿದ್ದರೆ ಬರೀ ಹುಣಸೆಹಣ್ಣು, ಬೆಲ್ಲ ಬೇರೆ ಅರೆದು ಕೊಡುತ್ತೇನೆ ಎಂದೂ ಹೇಳಿದರು.

ನನ್ನ ತಲೆಯಲ್ಲಿ ಲೆಕ್ಕ ಓಡಿತು. ಸಿಗಡಿ ಎಂಬ ಮಾತು ನನ್ನ ಬಾಯಿಂದ ಬಿದ್ದರೆ ಸಾಕು, ಅದೇ ಒರಳು, ಅದೇ ಚಾಕು ಎಂದು ಅಜ್ಜಿ ಹಿಂದಕ್ಕೆ ಸರಿಯುತ್ತಾರೆ. ಮತ್ತೆ ಕ್ಯಾರಿಯರ್, ಮತ್ತೆ ಮೊಸರನ್ನ. ಅವರು ಇಲ್ಲಿ ಏನಾದರೂ ತಿಂದರೆ ನನಗೆ ಬಾಳೆಹಣ್ಣು ಸಿಗುತ್ತದೆ. ಮಾಚಿಕ್‌ಗೆ ತಿನ್ನುತ್ತಾರೆ ಎಂದೆ. ಅಜ್ಜಿಯ ಕಡೆ ತಿರುಗಿ ಹೇಳಿದೆ:

"ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ ಅಜ್ಜಿ. ಅಷ್ಟೇ."

ತಟ್ಟೆ ಬೇಡವೆಂದು ಬಾಳೆ ಎಲೆಯ ಚೂರಿನಲ್ಲಿ ಕೊಡಿಸಿದೆ. ಅಜ್ಜಿ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಅಮ್ಮನನ್ನು ಕರೆದರು.

"ಶಾರದಾ, ನಮ್ಮ ಅನಾನಸ್ ಗೊಜ್ಜು ಕಣೇ ಇದು. ನಾನು ಗೊಜ್ಜು ಹುಡುಕ್ಕೊಂಡು ಇಷ್ಟು ದೂರ ಬಂದ ಹಾಗಾಯ್ತು ನೋಡು."

ಅಮ್ಮ ಒಂದು ತುಂಡು ತಿಂದು ಹುಳಿ ಜಾಸ್ತಿ ಎಂದಳು. ಹುಳಿ, ಖಾರ ಅಪ್ಪನ ಹೊಟ್ಟೆಗೆ ಆಗುತ್ತಿರಲಿಲ್ಲ. ಏನೋ ಒಂದು ಘಾಟು ಇದೆಯಲ್ಲ ಎಂದು ಅಜ್ಜಿ ಕೇಳಿದ್ದುಂಟು. ಇಲ್ಲಿನ ತಾಳೆಬೆಲ್ಲವೇ ಹಾಗೆ ಎಂದು ಅದಕ್ಕೂ ಉತ್ತರ ಸಿದ್ಧವಿತ್ತು. ಮಧ್ಯಾಹ್ನ ಅಪ್ಪ ನಗುತ್ತಾ ನನಗೆ ಪಿಸಾಂಗ್ ಗೊರೆಂಗ್ ಕೊಡಿಸಿದರು. ನಾಲಿಗೆ ಸುಡುವಷ್ಟು ಬಿಸಿಯಿತ್ತು. ಆರುವವರೆಗೆ ಕಾಯದೆ ತಿಂದೆ.

ಆಮೇಲೆ ಪ್ರತಿ ಭಾನುವಾರ ಅದೇ ನಡೆಯಿತು. ಅಜ್ಜಿಗೆಂದು ಮಾಚಿಕ್ ಒಂದು ಸ್ಟೂಲು ಒರೆಸಿ ಇಡುತ್ತಿದ್ದರು. ಒಬ್ಬರಿಗೆ ಮಲಯ, ಇನ್ನೊಬ್ಬರಿಗೆ ಕನ್ನಡ, ಮಧ್ಯೆ ನಾನು. ಮೊಮ್ಮಕ್ಕಳೆಷ್ಟು, ಮಂಡಿ ನೋವಿಗೆ ಏನು ಹಚ್ಚುತ್ತೀರಿ, ಗಂಡ ಹೋಗಿ ಎಷ್ಟು ವರ್ಷವಾಯಿತು. ಇಬ್ಬರೂ ವಿಧವೆಯರು ಎಂಬುದು ನನ್ನ ಬಾಯಿಂದಲೇ ಒಬ್ಬರಿಗೊಬ್ಬರಿಗೆ ತಿಳಿಯಿತು. ಅಂದು ಮಾಚಿಕ್ ಸೌತೆಕಾಯಿ ಹೆಚ್ಚುತ್ತಿದ್ದ ಕೈಯನ್ನು ತೊಳೆದು ಅಜ್ಜಿಯ ಕೈ ಹಿಡಿದರು. ಮಡಿಯ ಅಜ್ಜಿ ಕೈ ಎಳೆದುಕೊಳ್ಳಲಿಲ್ಲ. ಗೊಜ್ಜಿಗೆ ಹುರಿದ ಎಳ್ಳು ಸೇರಿಸಿದರೆ ಇನ್ನೂ ಚೆನ್ನ ಎಂದು ಅಜ್ಜಿ ಮನೆಯಿಂದ ಪೊಟ್ಟಣ ಒಯ್ದರು. ಮಾಚಿಕ್ ಅದನ್ನು ಕುಟ್ಟಿ ಹಾಕಿ ಪಕ್ಕದ ಅಂಗಡಿಯವರಿಗೆಲ್ಲ ರುಚಿ ತೋರಿಸಿದರು. ಈ ಎಲ್ಲ ಮಾತನ್ನೂ ನಾನು ಸರಿಯಾಗಿಯೇ ದಾಟಿಸಿದೆ. ತಪ್ಪಿಸಿದ್ದು ಒಂದೇ.

ಅಜ್ಜಿ ಊರಿಗೆ ಹೊರಡಲು ಎರಡು ವಾರವಿತ್ತು. ಆ ಭಾನುವಾರ ಮಾಚಿಕ್ ಕಾರಿನವರೆಗೂ ಬಂದು ಪತ್ರಿಕೆಯಲ್ಲಿ ಸುತ್ತಿದ ಒಂದು ಡಬ್ಬಿಯನ್ನು ಅಜ್ಜಿಯ ಮಡಿಲಲ್ಲಿಟ್ಟರು. ಇದನ್ನು ಹಾಕಿ ಊರಲ್ಲಿ ನೀವೇ ಗೊಜ್ಜು ಮಾಡಿಕೊಳ್ಳಿ, ನನ್ನ ನೆನಪಿಗೆ ಎಂದರು. ಮನೆಗೆ ಬಂದು ಅಜ್ಜಿ ಅಡುಗೆಕಟ್ಟೆಯ ಮೇಲೆ ಪತ್ರಿಕೆ ಬಿಚ್ಚಿದರು. ದುಂಡನೆಯ ಡಬ್ಬಿ; ಮುಚ್ಚಳದ ಮೇಲೆ ಮೀಸೆ ಚಾಚಿದ ಕೆಂಪು ಸಿಗಡಿಯ ಚಿತ್ರ. ಅಲ್ಲಿಯವರೆಗೆ ಮೈಸೂರಿನ ಅಗ್ರಹಾರ ಬಿಟ್ಟು ಹೊರಗೆ ಹೋಗದಿದ್ದ ಅಜ್ಜಿಗೆ ಅದು ಏನೆಂದು ಗೊತ್ತಾಗಲಿಲ್ಲ.

"ಇದೇನೇ ಶಾರದಾ, ಹುಳದ ಚಿತ್ರ ಹಾಕಿದಾರೆ."

ಅಮ್ಮ ನೋಡಿದಳು, ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಅಪ್ಪನನ್ನು ಕರೆದಳು. ಅಪ್ಪ ಡಬ್ಬಿ ತಿರುಗಿಸಿ ಓದಿ ನನ್ನನ್ನು ಕೇಳಿದರು.

"ಇದನ್ನ ಹಾಕ್ತೀನಿ ಅಂತ ಆವಮ್ಮ ನಿನಗೆ ಹೇಳಿರಲಿಲ್ವಾ?"

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಅನುಮಾನ ಒಂದಿಷ್ಟೂ ಇರಲಿಲ್ಲ.

"ಇಲ್ಲಪ್ಪ," ಅಂದೆ.

ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ದೇವರ ಮುಂದೆ ಕೂತರು. ಮರುದಿನ ಪೂರ್ತಿ ಏನನ್ನೂ ಬಾಯಿಗಿಡಲಿಲ್ಲ. ಸಂಜೆ ನಾನು ಬಾಗಿಲ ಬಳಿ ನಿಂತಿದ್ದಾಗ ಹತ್ತಿರ ಕರೆದು ತಲೆ ನೇವರಿಸಿದರು. ಮಗು ಏನು ಮಾಡೀತು, ಅವಳು ಹೇಳಿದ್ದನ್ನ ಇದು ಹೇಳಿತು ಎಂದು ಅಮ್ಮನಿಗೆ ಹೇಳಿದರು. ನಂತರ ತಮಗೆ ತಾವೇ ಎಂಬಂತೆ:

"ನಾನು ತಿಳೀದೆ ತಿಂದೆ, ನನಗೆ ದೋಷ ಇಲ್ಲ. ತಿಳಿದೂ ತಿಳಿದೂ ತಿನ್ನಿಸಿದೋಳಿಗೆ ಅದು ತಟ್ಟದೆ ಇರತ್ತಾ."

ನನ್ನ ತಲೆಯ ಮೇಲೆ ಅವರ ಕೈ ಇನ್ನೂ ಇತ್ತು.

ಮುಂದಿನ ಭಾನುವಾರ ಡಬ್ಬಿ ಹಿಂದಿರುಗಿಸಲು ಹೋದೆವು. ಅಜ್ಜಿ, ಅಮ್ಮ ಕಾರಿನಲ್ಲೇ ಉಳಿದರು. ಅಪ್ಪ ನನ್ನ ಕೈ ಹಿಡಿದುಕೊಂಡು ನಡೆದರು. ನಮ್ಮನ್ನು ಕಂಡದ್ದೇ ಮಾಚಿಕ್ ಬಾಳೆ ಎಲೆ ಎಳೆದುಕೊಂಡರು. ಅಪ್ಪ ಡಬ್ಬಿಯನ್ನು ಹಲಗೆಯ ಮೇಲಿಟ್ಟು, ತಮಗೆ ಬರುವ ಒರಟು ಮಲಯದಲ್ಲಿ ಕೇಳಿದರು: ಇದು ಸಿಗಡಿ, ನನ್ನ ತಾಯಿ ತಿನ್ನುವುದಿಲ್ಲ, ಯಾಕೆ ಹೇಳಲಿಲ್ಲ? ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಜೋಳ ಕೊಳ್ಳಲು ನಿಂತವರೂ ನೋಡಿದರು.

ಮಾಚಿಕ್ ಅಪ್ಪನಿಗೆ ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿದರು. ಕೋಪವಿರಲಿಲ್ಲ. ಹಣ್ಣು ಮಾಗಿದೆಯೋ ಇಲ್ಲವೋ ನೋಡುವ ಹಾಗೆ, ನಿಧಾನವಾಗಿ ನೋಡಿದರು. ನಾನು ನೆಲ ನೋಡಿದೆ.

"ಮರೆತೆ," ಎಂದರು ಅಪ್ಪನಿಗೆ. "ವಯಸ್ಸಾಯಿತು. ಹೇಳಲು ಮರೆತೆ."

ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಅಂಗಡಿ ಬಿಟ್ಟು ನಮ್ಮ ಹಿಂದೆಯೇ ಕಾರಿನವರೆಗೆ ನಡೆದು ಬಂದರು. ಅಜ್ಜಿಯ ಕಿಟಕಿಯ ಹತ್ತಿರ ಬಗ್ಗಿ ಅದೇ ಮಾತನ್ನು ಹೇಳತೊಡಗಿದರು. ಅಜ್ಜಿಗೆ ಅರ್ಥವಾಗಲು ನಾನು ಬೇಕಿತ್ತು. ನಾನು ಬಾಯಿ ತೆರೆಯಲಿಲ್ಲ. ಅಜ್ಜಿ ಮುಂದೆ ನೋಡುತ್ತಲೇ ಕಿಟಕಿಯ ಗಾಜನ್ನು ಸುತ್ತಿ ಸುತ್ತಿ ಮೇಲೇರಿಸಿದರು. ಅದು ಬಿಗಿ ಗಾಜು, ಏರಲು ಬಹಳ ಹೊತ್ತು ಹಿಡಿಯುತ್ತಿತ್ತು. ಪೂರ್ತಿ ಏರುವವರೆಗೂ ಮಾಚಿಕ್ ಬಗ್ಗಿಯೇ ನಿಂತಿದ್ದರು.

ಆ ಸಾಲಿಗೆ ನಾವು ಮತ್ತೆ ಹೋಗಲಿಲ್ಲ. ಅಜ್ಜಿ ಊರಿಗೆ ಹೋದರು, ಎಂಟು ವರ್ಷ ಬದುಕಿದ್ದರು. ಹೇಳಲು ಎಂಟು ವರ್ಷ ಇತ್ತು ಎಂದು ಹೀಗೆ ಬರೆದರೆ ಸುಲಭವಾಗಿ ಕಾಣುತ್ತದೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಒಬ್ಬಳೇ ಬಸ್ಸು ಹಿಡಿದು ಮೋರಿಬ್‌ಗೆ ಹೋದೆ, ಮಾಚಿಕ್‌ಗೆ ಎಲ್ಲ ಹೇಳಿ ಕ್ಷಮೆ ಕೇಳಬೇಕೆಂದು. ಆ ಜಾಗದಲ್ಲಿ ಬೇರೆ ಯಾರೋ ಎಳನೀರು ಕೊಚ್ಚುತ್ತಿದ್ದರು. ಮಾಚಿಕ್ ಜೊಹೋರ್‌ನಲ್ಲಿ ಮಗನ ಮನೆ ಸೇರಿದ್ದಾರೆ, ವಿಳಾಸ ಗೊತ್ತಿಲ್ಲ ಎಂದರು. ನಿಜ ಹೇಳಬೇಕೆಂದರೆ ಆ ಮಾತು ಕೇಳಿದಾಗ ನನಗೆ ದುಃಖವಾಗಲಿಲ್ಲ. ಹಗುರವಾಯಿತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತೆಂದು ಖುಷಿಪಟ್ಟದ್ದೂ ನೆನಪಿದೆ.

ಈಗ ನಾವು ಮಲೇಷ್ಯಾದಲ್ಲೇ, ಪುಚೊಂಗ್‌ನಲ್ಲಿದ್ದೇವೆ. ಈ ವರ್ಷ ದೊಡ್ಡಪ್ಪನ ಮಗ ಸುಧಿ ಸಂಸಾರ ಸಮೇತ ಮೈಸೂರಿನಿಂದ ಬಂದಾಗ, ಸಮುದ್ರ ತೋರಿಸು ಎಂದ. ಎಲ್ಲರನ್ನೂ ಮೋರಿಬ್‌ಗೆ ಕರೆದುಕೊಂಡು ಹೋದೆ. ತೀರಕ್ಕೆ ಕಲ್ಲಿನ ಕಟ್ಟೆ ಕಟ್ಟಿದ್ದಾರೆ, ಹೆಂಚು ಹಾಸಿದ್ದಾರೆ. ಅಂಗಡಿಗಳೆಲ್ಲ ಒಂದೇ ಸೂರಿನಡಿ. ನಮ್ಮ ಹುಡುಗರು ರೊಜಾಕ್ ಅಂಗಡಿಯ ಮುಂದೆ ನಿಂತದ್ದೇ ಸುಧಿಗೆ ಕಥೆ ನೆನಪಾಯಿತು.

ಆ ಕಥೆ ನಮ್ಮ ಬಂಧುಬಳಗದಲ್ಲಿ ನಾಮಕರಣ, ಮದುವೆ, ಎಲ್ಲ ಪಂಕ್ತಿಗಳಲ್ಲೂ ಬಡಿಸಿಯಾಗಿದೆ. ಮಲೇಷ್ಯಾದಲ್ಲಿ ಒಬ್ಬಳು ನಮ್ಮಜ್ಜಿಗೆ ಮೋಸ ಮಾಡಿ ಸಿಗಡಿ ತಿನ್ನಿಸಿದ ಕಥೆ. ಸುಧಿ ಆಕೆಯನ್ನು ಕಂಡೇ ಇಲ್ಲ. ಆದರೂ ಅವನ ಬಾಯಲ್ಲಿ ಆಕೆ ಕಾಡಿಗೆ ಹಚ್ಚಿದ, ತಿನ್ನಿಸಿ ಹಿಂದಿನಿಂದ ನಗುವ ಹೆಂಗಸು. ಕಥೆ ಮುಗಿಸಿ ನನ್ನ ಮಗಳು ನಿಧಿಗೆ ಬುದ್ಧಿ ಹೇಳಿದ.

"ನೂರು ಸಲ ಕೇಳಿ ತಗೋಬೇಕಮ್ಮ. ಇವರನ್ನ ನಂಬೋ ಹಾಗಿಲ್ಲ."

ಹಲಗೆಯ ಆಚೆ ನಿಂತಿದ್ದ ಹುಡುಗಿಗೆ ಕನ್ನಡ ಬಾರದು. ಅವಳು ನಮ್ಮನ್ನು ನೋಡಿ ನಕ್ಕು ಸೌತೆಕಾಯಿ ಕೈಗೆತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ.

"ಆವಮ್ಮ ಹೇಳಿದ್ರು ಸುಧಿ. ಮೊದಲ ದಿನವೇ ಹೇಳಿದ್ರು. ಅಜ್ಜಿಗೆ ಹೇಳದೆ ಇದ್ದೋಳು ನಾನು. ಬಾಳೆಹಣ್ಣು ತಿನ್ನೋ ಆಸೆಗೆ."

ಸುಧಿ ಒಂದು ಕ್ಷಣ ನನ್ನನ್ನು ನೋಡಿ ನಕ್ಕುಬಿಟ್ಟ. ತನ್ನ ಹೆಂಡತಿಯ ಕಡೆ ತಿರುಗಿದ.

"ನೋಡಿದ್ಯಾ, ನಮ್ಮ ಪುಟ್ಟಿ ಚಿಕ್ಕೋಳಿದ್ದಾಗಿಂದ ಹೀಗೇ. ಯಾರ ತಪ್ಪಾದ್ರೂ ಸರಿ, ತನ್ನ ತಲೆ ಮೇಲೆ ಹಾಕ್ಕೊಂಡುಬಿಡ್ತಾಳೆ. ಅಜ್ಜಿನೂ ಅದನ್ನೇ ಹೇಳ್ತಿದ್ರು."

ಇಲ್ಲ ಎಂದೆ, ಡಬ್ಬಿಯ ವಿಷಯ ಹೇಳಿದೆ. ಮೋಸ ಮಾಡುವವರು ಮುಚ್ಚಳದ ಮೇಲೆ ಚಿತ್ರವಿರುವ ಡಬ್ಬಿಯನ್ನು ಉಡುಗೊರೆಯಾಗಿ ಕೊಡುತ್ತಾರೆಯೇ ಎಂದು ಕೇಳಿದೆ. ಸುಧಿ ಆಗಲೇ ಫೋಟೋ ತೆಗೆಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ನಿಧಿ ನನ್ನ ಭುಜ ತಟ್ಟಿ, ಮಾತಿನ ಕೊನೆಗೆ ಲಾ ಸೇರಿಸುವ ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿದಳು.

"ಅಮ್ಮಾ, ಯು ಡೋಂಟ್ ಹ್ಯಾವ್ ಟು ಡಿಫೆಂಡ್ ಎವ್ರಿಬಡಿ, ಲಾ."

ಆಮೇಲೆ ಅವಳು ಆ ಹುಡುಗಿಯ ಕಡೆ ತಿರುಗಿ, ಗೊಜ್ಜಿನಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳತೊಡಗಿದಳು. ದನಿಯಲ್ಲಿ ಸುಧಿ ಕಲಿಸಿದ ಅನುಮಾನವಿತ್ತು. ಹುಡುಗಿಯ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

ಆ ಸರ್ವೆ ಮರಗಳು ಹೋದವು, ಕೆಂಪು ಕಾರು ಹೋಯಿತು, ಅಪ್ಪ, ಅಜ್ಜಿ ಹೋದರು. ಅವಕ್ಕೆಲ್ಲ ದುಃಖಪಡುವ ರೀತಿ ನಮಗೆ ಗೊತ್ತಿದೆ. ಆದರೆ ಆ ತೀರದಲ್ಲಿ ಮಾಚಿಕ್ ಮಲಯದಲ್ಲಿ ಏನು ಕೇಳಿದರು, ಕನ್ನಡದಲ್ಲಿ ಅದು ಏನಾಯಿತು ಎಂದು ಬಲ್ಲವರು ಇಬ್ಬರೇ ಇದ್ದೆವು. ಒಬ್ಬರು ಹತ್ತು ವರ್ಷದ ಹುಡುಗಿಗಾಗಿ ಮರೆತೆ ಎಂದು ಹೇಳಿ ಹೋದರು. ಉಳಿದವಳು ನಾನು; ನಾನು ನಿಜ ಹೇಳಿದರೆ ಈಗ ಎಲ್ಲರೂ ನನ್ನನ್ನು ಒಳ್ಳೆಯವಳು ಎನ್ನುತ್ತಾರೆ.