ಮೇಲಿನಿಂದ ಕಾಣದ ಧರೆ

ನನ್ನ ತಂಗಿ ಸತ್ತದ್ದು ಮನೆಯ ಹಿಂದಿನ ಧರೆ ಕುಸಿದು. ಸಕಲೇಶಪುರದ ಅಂಚಿನಲ್ಲಿ, ಗುಡ್ಡದ ಬುಡವನ್ನು ಜೆಸಿಬಿಯಿಂದ ನೇರವಾಗಿ ಕೊಯ್ದು ಕಟ್ಟಿಸಿದ ಬಾಡಿಗೆ ಮನೆಗಳ ಸಾಲಿದೆ. ಅದರ ಕೊನೆಯ ಮನೆಯಲ್ಲಿ ಅವಳಿದ್ದಳು. ಪಾಠ ಮಾಡುವ ಶಾಲೆಗೆ ಹತ್ತಿರವೆಂದು ಹಿಡಿದ ಮನೆ. ಗುಡ್ಡ, ಅದರ ಮೇಲಿನ ಕಾಫಿ ತೋಟ, ಕೆಳಗಿನ ಮನೆಗಳು ಎಲ್ಲವೂ ನಮ್ಮ ದೊಡ್ಡಪ್ಪನ ಮಗನವು. ಮಣ್ಣು ಮಾಡಿ ಬಂದ ಮೇಲೆ ಅವನು ನೆಂಟರ ಮುಂದೆ ಹೇಳಿದ್ದು ಒಂದೇ ಮಾತು: "ಈ ಸಲದ ಮಳೆ ಅಂಥಾದ್ದು. ಯಾರೇನ್ ಮಾಡಕ್ಕಾಯ್ತದೆ?" ಎಲ್ಲರೂ ತಲೆಯಾಡಿಸಿದರು. ಆ ತಲೆಗಳನ್ನು ನಾನು ಇನ್ನೂ ಕ್ಷಮಿಸಿಲ್ಲ.

ತಂಗಿ ಕೆಲಸದ ಜೊತೆಗೇ ದೂರಶಿಕ್ಷಣದಲ್ಲಿ ಭೂಗೋಳದ ಎಂ.ಎ. ಓದುತ್ತಿದ್ದಳು. ನಗರ ಪರಿಸರದ ಭೂಗೋಳ ಎಂಬ ಪತ್ರಿಕೆಗೆ ನಮ್ಮ ಪೇಟೆಯನ್ನೇ ಆರಿಸಿಕೊಂಡಿದ್ದಳು. ಪೇಟೆ ಹೇಗೆ ಗುಡ್ಡ ಹತ್ತುತ್ತಿದೆ, ಮಳೆನೀರಿನ ದಾರಿ ಎಲ್ಲಿ ಮುಚ್ಚಿಹೋಗಿದೆ ಎಂದು ಬರೆಯಬೇಕಿತ್ತು. ಯಸಳೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು.

"ಈಗ ಒಂದೊಂದು ದೇಶದ ಅಟ್ಲಾಸೂ ಪುಕ್ಕಟೆ ಸಿಗ್ತದೆ ಕಣಕ್ಕ. ಹುಡ್ಕೋ ತಾಳ್ಮೆ ಬೇಕಷ್ಟೆ."

"ನಿಂಗೆ ಮೆಣಸು ಬಿಡ್ಸೋ ತಾಳ್ಮೆ ಇಲ್ಲ, ಇದಕ್ಕೆ ಎಲ್ಲಿಂದ ಬಂತು?" ಎಂದು ನಾನು ರೇಗಿಸುತ್ತಿದ್ದೆ.

ಅವಳು ಹೋದ ಮೇಲೆ ಲ್ಯಾಪ್‌ಟಾಪ್ ನನ್ನ ಬಳಿ ಉಳಿಯಿತು. ನಾನು ಓದಿದ್ದು ಪಿಯುಸಿವರೆಗೆ. ಆದರೆ ದೊಡ್ಡಪ್ಪನ ಮಗ ಮಳೆಯ ಮೇಲೆ ಹಾಕಿ ತಪ್ಪಿಸಿಕೊಳ್ಳಲಾಗದಂಥ ಒಂದು ಸಾಕ್ಷಿ ನನಗೆ ಬೇಕಿತ್ತು. ಅದಕ್ಕಾಗಿ ಅಟ್ಲಾಸುಗಳನ್ನು ಹುಡುಕತೊಡಗಿದೆ. ಮೊದಲು ಸಿಕ್ಕಿದ್ದೆಲ್ಲ ಪರದೇಶದವು. ಯಾವುದೋ ಚಳಿ ದೇಶದವರು ಯಾವ ಬೀದಿ ಬಿಸಿಲಿಗೆ ಎಷ್ಟು ಕಾಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಬಣ್ಣ ಹಚ್ಚಿದ್ದರು. ನೋಡಿ ಹೊಟ್ಟೆ ಉರಿಯಿತು. ನಮ್ಮ ದೇಶದ ಪುಟ ಅರ್ಧ ತೆರೆದು ನಿಂತುಬಿಡುತ್ತಿತ್ತು. ತೆರೆದರೂ ಹಾಸನ ಜಿಲ್ಲೆ ನನ್ನ ಹೆಬ್ಬೆರಳಿನಷ್ಟು. ರೈಲು ದಾರಿಯ ಹಾಳೆಯಲ್ಲಿ ಕಾಡಿನೊಳಗಿನ ಎಡಕುಮೇರಿ ನಿಲ್ದಾಣಕ್ಕೆ ಯಾವ ಚುಕ್ಕೆಯೋ, ಇಷ್ಟು ಮನೆಮಠಗಳಿರುವ ನಮ್ಮ ಪೇಟೆಗೂ ಅದೇ ಚುಕ್ಕೆ. ಇವರಿಗೆ ಇಷ್ಟು ಸಾಕೆಂದು ಯಾರೋ ಕುರ್ಚಿಯಲ್ಲಿ ಕೂತು ತೀರ್ಮಾನಿಸಿದ್ದರು.

ಕೊನೆಗೆ ಉಪಗ್ರಹದ ಚಿತ್ರಗಳಿಂದ ಮಾಡಿದ ನಕ್ಷೆಗಳು ಸಿಕ್ಕವು. ಹಿಗ್ಗಿಸುತ್ತ ಹೋದರೆ ಆ ಗುಡ್ಡವೇ ಬಂತು. ಹಳೆಯ ನಕ್ಷೆಯಲ್ಲಿ ಅದು ಕಡು ಹಸಿರು. ಹಸಿರೆಂದರೆ ಕಾಡು ಎಂದು ಪಕ್ಕದಲ್ಲೇ ಬರೆದಿತ್ತು. ಕುಸಿತಕ್ಕೆ ಸ್ವಲ್ಪ ಮುಂಚಿನ ನಕ್ಷೆಯಲ್ಲಿ ಅದೇ ಜಾಗ ಬೋಳು ಕಂದು. ಕಾಡು ಕಡಿದಿದ್ದಾನೆ, ಅದಕ್ಕೇ ಗುಡ್ಡ ಜಾರಿದೆ! ಎರಡನ್ನೂ ಬಣ್ಣದಲ್ಲಿ ಪ್ರಿಂಟ್ ಹಾಕಿಸಿಕೊಂಡು ಭಾನುವಾರ ಅವನ ಮನೆಗೆ ಹೋದೆ. ಜಗಲಿಯಲ್ಲಿ ಚಿಕ್ಕಪ್ಪನೂ ಇದ್ದರು. ಹಿರಿಯರ ಎದುರೇ ಆಗಲಿ ಎಂದು ಹಾಳೆಗಳನ್ನು ಇಬ್ಬರ ನಡುವೆ ಹಾಸಿದೆ.

ದೊಡ್ಡಪ್ಪನ ಮಗ ಕನ್ನಡಕ ಹಾಕಿಕೊಂಡು ನೋಡಿದ. ಆಮೇಲೆ ನಕ್ಕ.

"ಅಲ್ಲ ಮಾರಾಯ್ತಿ, ಇಲ್ಲಿ ಕಾಡು ಯಾವಾಗಿತ್ತು? ನಮ್ಮಜ್ಜನ ಕಾಲದಿಂದ್ಲೂ ಕಾಫಿ ತೋಟ. ನೆರಳಿನ ಮರ ಮೇಲಿಂದ ಕಾಡಿನಂಗೇ ಕಾಣ್ತದೆ."

"ಹಂಗಾದ್ರೆ ಈ ಬೋಳು?"

"ಮರಗಸಿ ಕಣಮ್ಮ! ಮಳೆ ಹಿಡಿಯೋಕ್ ಮುಂಚೆ ಕೊಂಬೆ ಸವರ್ಸಿದ್ದೆ. ಅದಾದ್ ಮೇಲೆ ತೆಗ್ದವ್ರೆ ಫೋಟೋನ. ಆಳು ಸಾಲ್ದೆ ನಿಮ್ಮ ತೋಟದವ್ರನ್ನೇ ಕರ್ಕೊಂಡ್ ಬಂದಿದ್ದೆ. ಮರ್ತ್‌ಬುಟ್ಯಾ?"

ಚಿಕ್ಕಪ್ಪ ನನ್ನತ್ತ ನೋಡಿದರು. "ತೋಟದಲ್ಲೇ ಹುಟ್ಟಿ ಬೆಳ್ದು ಮರಗಸಿ ಗುರ್ತು ಸಿಕ್ಲಿಲ್ವೇನಮ್ಮ?"

ಸಿಗಬೇಕಿತ್ತು. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಕಾಯಿ ಕೊಳೆಯುತ್ತದೆಂದು ವರ್ಷವರ್ಷವೂ ನಾನೇ ನಿಂತು ಕೊಂಬೆ ಸವರಿಸುತ್ತೇನೆ. ಅದೇ ಕೆಲಸ ಪರದೆಯ ಮೇಲೆ ಕೊಲೆಯಂತೆ ಕಂಡಿತ್ತು. ಹಾಗೆ ಕಾಣಲಿ ಎಂದೇ ನಾನು ಕೂತಿದ್ದೆ.

"ಮರದ ಮಾತು ಬಿಡು," ಎಂದೆ. "ಮನೆ ಹಿಂದೆ ಎರಡಾಳೆತ್ತರ ಧರೆ ಕೊಯ್ಸಿದ್ದು ಯಾರು? ಕಲ್ಲು ಕಟ್ಟಿಸ್ದೆ ಹಂಗೇ ಬಿಟ್ಟಿದ್ದು ಯಾರು?"

"ಅದು ನಿನ್ನ ನಕ್ಷೆಲಿ ಎಲ್ಲೈತೆ, ತೋರ್ಸು."

ತೋರಿಸಲಾಗಲಿಲ್ಲ. ಉಪಗ್ರಹ ಮೇಲಿನಿಂದ ನೋಡುತ್ತದೆ. ನೆಟ್ಟಗೆ ಕೊಯ್ದ ಧರೆ ಎಷ್ಟು ಎತ್ತರವಿದ್ದರೇನು, ಮೇಲಿನಿಂದ ಅದಕ್ಕೆ ಅಗಲವೇ ಇಲ್ಲ. ತಂಗಿ ಅನ್ನಕ್ಕಿಟ್ಟು ಅಡುಗೆಮನೆ ಕಿಟಕಿಯಿಂದ ದಿನಾ ನೋಡುತ್ತಿದ್ದ ಆ ಕೆಂಪು ಮಣ್ಣಿನ ಗೋಡೆ ಯಾವ ಹಾಳೆಯಲ್ಲೂ ಇರಲಿಲ್ಲ. ಈಗ ಹೋಗಿ ತೋರಿಸೋಣವೆಂದರೆ ಅಲ್ಲಿರುವುದು ಇಳಿಜಾರು. ಅದರ ಮೇಲೆ ಹುಲ್ಲು ಬಂದಿದೆ. ಉಳಿದ ಮನೆಗಳಿಗೆ ಅವನು ಹೊಸದಾಗಿ ಸುಣ್ಣ ಹೊಡೆಸಿದ್ದಾನೆ.

"ನೀನು ಕೊಯ್ಸಿದ್ದು ನಿಂಗೆ ಗೊತ್ತು," ಎಂದೆ.

ಅವನು ಹಾಳೆಗಳನ್ನು ಮಡಿಸಿ ನನ್ನ ಕಡೆ ತಳ್ಳಿದ. "ಕಾಫಿ ತಗೊಂಬಾರೇ," ಎಂದು ಒಳಗೆ ಹೆಂಡತಿಯನ್ನು ಕೂಗಿದ.

ನಮ್ಮ ಕಡೆ ಎಂಥ ಜಗಳವಾದರೂ ಆ ಮನೆಯ ಕಾಫಿ ಕುಡಿದರೆ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಅದು ಅವನಿಗೂ ಗೊತ್ತು. ಲೋಟ ಬಂತು.

"ಕುಡಿಯಮ್ಮ, ಆರೋಗ್ತದೆ," ಎಂದರು ಚಿಕ್ಕಪ್ಪ.

ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ಲೋಟ ಮುಟ್ಟದೆ ಕೂತೆ. ಆಮೇಲೆ ಇಬ್ಬರೂ ನೋಡುತ್ತಿರುವಂತೆಯೇ ಎದ್ದು ಬಸ್ಸಿಗೆ ಹೊರಟೆ.